ಲಾಲಿಪಾಪ್ ಆಂಟಿಯ ಎರಡನೇ ದನಿ

ಮೊದಲು ನನಗೆ ಪರಿಚಯವಾದದ್ದು ಅವರ ಮುಖವಲ್ಲ, ಅವರ ಬೆಡ್‌ಶೀಟುಗಳು. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಮನೆಗೆ ನಾವು ಬಂದ ವಾರ, ತಗಡಿನ ಬೇಲಿಯ ಆಚೆ, ಗಾಳಿಗೆ ಗಿರಗಿರ ತಿರುಗುವ ಬಟ್ಟೆ ತಂತಿಯ ಮೇಲೆ ಬಿಳಿ ಬೆಡ್‌ಶೀಟುಗಳು ಉಬ್ಬಿಕೊಂಡು ಸುತ್ತುತ್ತಿದ್ದವು. ಅವುಗಳ ಹಿಂದಿನಿಂದ ಒಂದು ಹೆಣ್ಣುದನಿ ಬರುತ್ತಿತ್ತು. ತಗ್ಗಿನ ದನಿ. ಯಾರಿಗಾದರೂ ಕೇಳಿಸಲಿ ಎಂದು ಹಾಡಿದ್ದಲ್ಲ, ಕೇಳಿಸಿದರೆ ಬೇಡ ಎಂದದ್ದೂ ಅಲ್ಲ. ಪದಗಳು ಇಂಗ್ಲಿಷಿನವು, ಎಳೆತ ಮಾತ್ರ ಯಾವುದೋ ಹೊಳೆಯ ದಡದ್ದು. ಸೂಟ್‌ಕೇಸ್ ಬಿಚ್ಚುವುದನ್ನು ಬಿಟ್ಟು ನಾನು ಅಡುಗೆಮನೆಯ ಕಿಟಕಿಗೆ ಒರಗಿ ನಿಂತೆ. ಆ ಮಧ್ಯಾಹ್ನ ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಒಲೆಯ ಮೇಲಿನ ಹಾಲು ಉಕ್ಕಿ ಹೋಗಿತ್ತು.

ಬೆಡ್‌ಶೀಟು ಸರಿಸಿ ಒಂದು ಮುಖ ಹೊರಬಂತು. ಅರವತ್ತು ದಾಟಿದ ಹೆಂಗಸು, ಕತ್ತರಿಸಿದ ಬಿಳಿಕೂದಲು, ಕೊರಳಲ್ಲಿ ಸಣ್ಣ ಶಿಲುಬೆ.

"ಕನ್ನಡದವರಾ? ನಾನು ಹೇಳ್ಳಿಲ್ವಾ ಅಂತ ನನಗೇ ನಾನು ಹೇಳಿಕೊಂಡೆ. ನಿಮ್ಮ ಒಗ್ಗರಣೆ ವಾಸನೆಗೇ ಗೊತ್ತಾಯ್ತು. ಹಾಲು ಉಕ್ಕಿತು ಮಾರಾಯ್ತಿ, ಅದನ್ನು ನೋಡಿ ಮೊದಲು."

ಅವರ ಹೆಸರು ಬರೆಯುವುದಿಲ್ಲ. ಅವರೇ ಒಮ್ಮೆ ಹೇಳಿದ್ದರು, "ಪೇಪರಲ್ಲಿ ಹೆಸರು ಬರುದು ಒಂದೇ ಸಲ ಸಾಕು, ಸತ್ತಾಗ." ಆ ಸಲ ಹೋದ ನವೆಂಬರಿನಲ್ಲಿ ಬಂದು ಹೋಯಿತು. ಇನ್ನೊಂದು ಸಲ ಬರೆದು ಅವರಿಂದ ಬೈಸಿಕೊಳ್ಳುವ ಆಸೆ ನನಗಿಲ್ಲ. ನಮ್ಮ ಬೀದಿಗೆಲ್ಲ ಅವರು ಲಾಲಿಪಾಪ್ ಆಂಟಿ. ಶಾಲೆಯ ಮುಂದೆ ಹಳದಿ ಅಂಗಿ ತೊಟ್ಟು, ಉದ್ದ ಕೋಲಿನ ತುದಿಯ ದುಂಡನೆಯ ಸ್ಟಾಪ್ ಹಲಗೆ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವುದು ಅವರ ಕೆಲಸ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಏನೇನೋ ಆಫೀಸು ಕೆಲಸ ಮಾಡಿ ಕೊನೆಗೆ ಇದನ್ನು ಹಿಡಿದಿದ್ದರು. ಚಳಿಗಾಲದ ಮಂಜಿನಲ್ಲಿ ಆ ಹಳದಿ ಬಣ್ಣ ಮೊದಲು ಕಾಣುತ್ತಿತ್ತು, ಆಮೇಲೆ ಅವರು. ಅಲ್ಲಿಯೂ ಹಾಡು ನಿಲ್ಲುತ್ತಿರಲಿಲ್ಲ. "ಅಮ್ಮಾ, ಲಾಲಿಪಾಪ್ ಆಂಟಿ ಈಸ್ ಸಿಂಗಿಂಗ್ ಅಗೇನ್" ಎಂದು ನನ್ನ ಮಗಳು ದಿನಾ ಸಂಜೆ ವರದಿ ಕೊಡುತ್ತಿದ್ದಳು.

ಅದು ಯಾವ ಜಾತಿಯ ಸಂಗೀತ ಎಂದು ನನಗೆ ಬಹಳ ದಿನ ಗೊತ್ತಾಗಲಿಲ್ಲ. ಮೈಸೂರಿನಲ್ಲಿ ಹೈಸ್ಕೂಲು ಮುಗಿಯುವವರೆಗೂ ಚಾಪೆಯ ಮೇಲೆ ಕೂತು ಕರ್ನಾಟಕ ಸಂಗೀತ ಕಲಿತವಳು ನಾನು. ಆ ಜಂಬ ಇನ್ನೂ ಪೂರ್ತಿ ಇಳಿದಿಲ್ಲ. ಚರ್ಚಿನ ಹಾಡೆಂದರೆ ಆರ್ಗನ್ನು, ಸಾಲಾಗಿ ನಿಂತ ಜನ ಎಂದು ತಿಳಿದಿದ್ದೆ. ಇವರ ಗ್ಯಾರೇಜಿನಲ್ಲಿ ಶನಿವಾರ ಮಧ್ಯಾಹ್ನ ನಡೆಯುತ್ತಿದ್ದದ್ದು ಬೇರೆಯೇ. ಅಂಚೆ ಹಂಚುವ, ಟೋಂಗಾ ದ್ವೀಪದವನೊಬ್ಬ ಡ್ರಮ್ ಬಾರಿಸುತ್ತಿದ್ದ, ನಿವೃತ್ತ ಲಾರಿ ಡ್ರೈವರೊಬ್ಬ ಬೇಸ್ ಗಿಟಾರ್ ಹಿಡಿಯುತ್ತಿದ್ದ. ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಆಂಟಿ, ತೊಡೆಯ ಮೇಲೆ ಎಲೆಕ್ಟ್ರಿಕ್ ಗಿಟಾರ್. ಎಡಗೈಯ ಬೆರಳಿಗೆ ಒಂದು ಗಾಜಿನ ಕೊಳವೆ. ಕೆಮ್ಮಿನ ಔಷಧಿಯ ಬಾಟಲಿಯ ಕುತ್ತಿಗೆ ಕತ್ತರಿಸಿ ಉಜ್ಜಿ ಮಾಡಿಕೊಂಡದ್ದು. ಅದನ್ನು ತಂತಿಯ ಮೇಲೆ ಜಾರಿಸಿದರೆ ನಮ್ಮ ಗೋಟುವಾದ್ಯದ ಹಾಗೆ ಸ್ವರ ಅಳುತ್ತಾ ಮೇಲೇರುತ್ತಿತ್ತು.

"ಇದೆಂಥ ಸಂಗೀತ ಆಂಟಿ?" ಎಂದು ಕೇಳಿದೆ.

"ಕಂಟ್ರಿ ಗಾಸ್ಪೆಲ್. ಅಮೆರಿಕದ ದಕ್ಷಿಣದ ಹಳ್ಳಿಯವರದ್ದು. ದೇವರ ಹಾಡೇ, ಆದ್ರೆ ಸ್ವಲ್ಪ ರಾಕ್ ಉಂಟು ಅದ್ರಲ್ಲಿ. ನಿಮ್ಮ ಭಜನೆಗೆ ಲಾರಿ ಎಂಜಿನ್ ಇಟ್ಟ ಹಾಗೆ ಅಂತ ಇಟ್ಕೊಳ್ಳಿ."

ಅದು ಮಂಗಳೂರಿನ ಕುಲಶೇಖರಕ್ಕೆ ಬಂದದ್ದು ಹಡಗಿನಲ್ಲಿ. ಅವರ ಅಪ್ಪ ಸರಕು ಹಡಗಿನ ಅಡುಗೆಯವರು. ಅಮೆರಿಕದ ದಕ್ಷಿಣದ ಬಂದರುಗಳಲ್ಲಿ ಹಡಗು ನಿಂತಾಗ ಎಲ್ಲರೂ ಸೆಂಟು, ಸೀರೆ ಬಟ್ಟೆ ತಂದರೆ ಇವರು ಗ್ರಾಮಾಫೋನ್ ತಟ್ಟೆಗಳನ್ನು ತರುತ್ತಿದ್ದರಂತೆ. ಕೊಂಕಣಿ ಮಾತಾಡುವ ಮನೆಯಲ್ಲಿ, ಸಂಜೆಯ ಜಪಸರ ಮುಗಿದ ಮೇಲೆ, ಹತ್ತಿ ಹೊಲದ ಜನರ ದನಿ ಹೊರಡುತ್ತಿತ್ತು. ಅಣ್ಣ, ತಂಗಿ ಇಬ್ಬರೂ ಆ ತಟ್ಟೆಗಳ ಮುಂದೆ ಕೂತು ಹಾಡು ಕಲಿತರು. ಆಮೇಲೆ ತಾವೇ ಕಟ್ಟಿದರು. "ನಮ್ಮ ಹಾಡು" ಎಂದು ಆಂಟಿ ಹೇಳುತ್ತಿದ್ದದ್ದು ಒಂದೇ ಒಂದಕ್ಕೆ, ದೋಣಿಯ ಹಾಡಿಗೆ.

ದೋಣಿಯ ಹಾಡಿಗೆ ಮೂರು ಚರಣ. ಮೊದಲನೆಯದರಲ್ಲಿ ಹೊಳೆಯ ಈ ದಡದಲ್ಲಿ ನಿಂತವನು ದೋಣಿಯವನನ್ನು ಕೂಗುತ್ತಾನೆ. ದೋಣಿಯವನು ಯೇಸು. ಎರಡನೆಯದರಲ್ಲಿ ತಲೆಯ ಮೇಲಿನ ಮೂಟೆಯನ್ನು ದಡದಲ್ಲೇ ಇಳಿಸು ಎಂದು ದೋಣಿಯವನು ಹೇಳುತ್ತಾನೆ. ಇವೆರಡೂ ಇಂಗ್ಲಿಷಿನಲ್ಲಿ, ಅಣ್ಣ ಬರೆದದ್ದು. ಮೂರನೆಯದು ಕೊಂಕಣಿಯಲ್ಲಿ. ಆಚೆ ದಡದಲ್ಲಿ ಒಬ್ಬ ತಾಯಿ ದೀಪ ಹಿಡಿದು ನಿಂತಿದ್ದಾಳೆ, ಕತ್ತಲಲ್ಲಿ ಬರುವ ದೋಣಿಗೆ ದಡ ಕಾಣಲಿ ಎಂದು. ಅವಳು ಮಾತೆ ಮರಿಯಮ್ಮ. ಅಪ್ಪ ಊರಿಗೆ ಬರುವ ದಿನ ಗೇಟಿನಲ್ಲಿ ಲಾಟೀನು ಹಿಡಿದು ನಿಲ್ಲುತ್ತಿದ್ದ ಅವರಮ್ಮನೂ ಹೌದು. ಆ ಚರಣವನ್ನು ಬರೆದವರು ಆಂಟಿ. ಜೀವಮಾನದಲ್ಲಿ ಅವರು ಬರೆದದ್ದು ಅದೊಂದೇ ಚರಣ.

ಜಗಳವಾದದ್ದು ಆ ಚರಣಕ್ಕೇ. ಅಣ್ಣ ಮೆಲ್ಬರ್ನಿಗೆ ಬಂದ ಮೇಲೆ ಕ್ಯಾಥೊಲಿಕ್ ಚರ್ಚು ಬಿಟ್ಟು ಬೇರೊಂದು ಸಭೆ ಸೇರಿದರು. ಅಲ್ಲಿ ಮರಿಯಮ್ಮನಿಗೆ ಹಾಡಿಲ್ಲ, ಮೊರೆಯೂ ಇಲ್ಲ. ದೋಣಿಯವನೊಬ್ಬನೇ ಸಾಕು, ದಡದಲ್ಲಿ ಯಾರೂ ದೀಪ ಹಿಡಿಯಬೇಕಾಗಿಲ್ಲ ಎಂದು ಅಣ್ಣ ಹೇಳಿದರಂತೆ. ತಂಗಿ, "ಕತ್ತಲಲ್ಲಿ ದಡ ಕಾಣುದು ಹೇಗೆ, ನಿನ್ನ ತಲೆ" ಎಂದರಂತೆ. ಅಲ್ಲಿಂದ ಇಬ್ಬರೂ ಒಟ್ಟಿಗೆ ಹಾಡಿಲ್ಲ. ಕ್ರಿಸ್‌ಮಸ್‌ಗೆ ಫೋನ್ ಮಾಡುತ್ತಾರೆ, ಸಿಡ್ನಿಯ ಬಿಸಿಲು, ಮೆಲ್ಬರ್ನಿನ ಮಳೆ ಮಾತಾಡಿ ಇಡುತ್ತಾರೆ.

"ನನಗೆ ಬೇರೆ ಎಂತದ್ದೂ ಬೇಡ. ಒಂದು ಸಲ ಮೂರೂ ಚರಣ ಅವನ ಒಟ್ಟಿಗೆ ಹಾಡ್ಬೇಕು. ಆಮೇಲೆ ಬೇಕಾದ್ರೆ ಗಿಟಾರ್ ಮಾರಿ ಮಿಕ್ಸಿ ತಗೊಳ್ತೇನೆ" ಎಂದು ಆಂಟಿ ನಗುತ್ತಿದ್ದರು. ನಕ್ಕಾಗ ಕೆಮ್ಮು ಬರುತ್ತಿತ್ತು. ನಾನದನ್ನು ಇಲ್ಲಿನ ಹೂಪರಾಗದ ಅಲರ್ಜಿ ಎಂದುಕೊಂಡೆ, ಅವರೂ ಹಾಗೇ ಹೇಳುತ್ತಿದ್ದರು.

ಕೇಳಿ ಕೇಳಿ ಆ ಹಾಡು ನನಗೂ ಬಂದುಬಿಟ್ಟಿತು. ಯಾರೂ ಕಲಿಸಲಿಲ್ಲ. ಪಾತ್ರೆ ತೊಳೆಯುವಾಗ, ಬ್ಲ್ಯಾಕ್‌ಟೌನ್ ಸ್ಟೇಷನ್ನಿನಲ್ಲಿ ಆಫೀಸಿನ ಟ್ರೇನಿಗೆ ಕಾಯುವಾಗ ತುಟಿಯ ಮೇಲೆ ಅದೇ. ಕೊಂಕಣಿಯ ಚರಣ ಒಂದಕ್ಷರ ಅರ್ಥವಾಗದಿದ್ದರೂ ತೊಂದರೆಯಾಗಲಿಲ್ಲ. ನಾವು ಅರ್ಥ ತಿಳಿಯದೆ ತೆಲುಗು ಕೀರ್ತನೆಗಳನ್ನು ಜೀವಮಾನವೆಲ್ಲ ಹಾಡಿಕೊಂಡು ಬಂದವರಲ್ಲವೇ? ನಮ್ಮ ಸಂಗೀತದ ಮೇಡಮ್ಮು ಪಾಠಾಂತರ ಎಂದರೆ ಪಾಠಾಂತರ ಎನ್ನುತ್ತಿದ್ದರು. ಗುರು ಎಲ್ಲಿ ತಡೆದರೋ ಅಲ್ಲಿ ತಡೆಯಬೇಕು, ಎಲ್ಲಿ ಉಸಿರೆಳೆದರೋ ಅಲ್ಲೇ ಎಳೆಯಬೇಕು. ಆ ಅಭ್ಯಾಸ ನನಗೆ ರಕ್ತದಲ್ಲೇ ಇಳಿದಿತ್ತು. ಬೇಲಿಯಾಚೆಯ ದನಿಯನ್ನು ನಾನು ಹಾಗೇ, ಇದ್ದದ್ದು ಇದ್ದ ಹಾಗೆ, ಕಲಿತುಕೊಂಡೆ.

ನನ್ನ ಗಂಡ ಮಾತ್ರ ಒಮ್ಮೆ, "ಹಾಡು ಚೆನ್ನಾಗಿದೆ ಕಣೇ, ಆದ್ರೆ ಏನೋ ಒಂದು ಕಡಿಮೆ ಇದ್ಹಾಗಿದೆ" ಎಂದರು. ಸಂಗೀತದ ಗಂಧವಿಲ್ಲದವರು ಎಂದು ನಾನು ಆ ಮಾತಿಗೆ ಕಿವಿಗೊಡಲಿಲ್ಲ.

ಸೆಪ್ಟೆಂಬರಿನಲ್ಲಿ ಮಂಗಳೂರಿನ ಕ್ಯಾಥೊಲಿಕರಿಗೆ ತೆನೆ ಹಬ್ಬ. ಮರಿಯಮ್ಮ ಹುಟ್ಟಿದ ದಿನ. ಮಕ್ಕಳು ಅವಳ ಮೂರ್ತಿಗೆ ಹೂ ಎಸೆಯುತ್ತಾರೆ, ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಮಂತ್ರಿಸಿ ಮನೆಗೆ ತರುತ್ತಾರೆ, ಅದರ ಅಕ್ಕಿ ಸುಲಿದು ಪಾಯಸಕ್ಕೆ ಹಾಕಿ ಮನೆಮಂದಿಯೆಲ್ಲ ಉಣ್ಣುತ್ತಾರೆ. ಊಟ ಪೂರ್ತಿ ಸಸ್ಯಾಹಾರ. "ವರ್ಷಕ್ಕೆ ಈ ಒಂದು ದಿನ ನೀನೂ ನಾನೂ ಒಂದೇ ಜಾತಿ, ಬಾ ಊಟಕ್ಕೆ" ಎಂದು ಆಂಟಿ ಕರೆಯುತ್ತಿದ್ದರು. ಅಷ್ಟರಲ್ಲಿ ನೀವು ಹೋಗಿ ನೀನು ಆಗಿತ್ತು. ಆದರೆ ಆಸ್ಟ್ರೇಲಿಯಾದ ಸೆಪ್ಟೆಂಬರಿನಲ್ಲಿ ತೆನೆ ಎಲ್ಲಿ? ಇಲ್ಲಿ ಆಗಿನ್ನೂ ವಸಂತ, ಬಿತ್ತುವ ಕಾಲವೇ ಬಂದಿರುವುದಿಲ್ಲ. ಆಂಟಿ ಹಿತ್ತಲಲ್ಲಿ ಮೀನು ತುಂಬಿ ಬರುವ ಥರ್ಮೊಕೋಲ್ ಡಬ್ಬಗಳಲ್ಲಿ ಭತ್ತ ಬೆಳೆದು, ಏಪ್ರಿಲ್‌ನಲ್ಲಿ ಕೊಯ್ದು, ಹಬ್ಬದವರೆಗೂ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು.

"ಹಳೇದಾಗ್ಲಿಲ್ವಾ ಆಂಟಿ? ಹೊಸ ತೆನೆ ಅಂತೀರಿ" ಎಂದು ಕೆಣಕಿದರೆ, "ದೇವರಿಗೆ ಎರಡು ಕ್ಯಾಲೆಂಡರ್ ಉಂಟು. ನಿನ್ನ ಹತ್ರ ಒಂದೇ ಇರುದು" ಎನ್ನುತ್ತಿದ್ದರು.

ಊಟಕ್ಕೆ ಬರಲಾಗದ ಮನೆಮಂದಿಗೆ ಆ ಭತ್ತದ ಕಾಳುಗಳನ್ನು ಕಳಿಸಿಕೊಡುವುದು ಪದ್ಧತಿ. ಎಲ್ಲಿದ್ದರೂ ಅವರು ಅದನ್ನು ಸುಲಿದು ಹಾಲಿಗೆ ಹಾಕಿ ಕುಡಿದರೆ ಒಟ್ಟಿಗೆ ಉಂಡ ಹಾಗೆ. ಆ ವರ್ಷ ಹಬ್ಬದ ಮರುವಾರ ನನಗೆ ಆಫೀಸಿನ ಕೆಲಸಕ್ಕೆ ಮೆಲ್ಬರ್ನಿಗೆ ಹೋಗಬೇಕಿತ್ತು. ಆಂಟಿ ಒಂದು ಸಣ್ಣ ಪೊಟ್ಟಣ ತಂದು ನನ್ನ ಕೈಗಿಟ್ಟರು.

"ಅಣ್ಣನಿಗೆ ಕೊಡು. ತಗೊಳ್ಳದಿದ್ರೆ ವಾಪಸ್ ತಾ, ಅಲ್ಲಿ ಎಸೀಬೇಡ."

ಭಾನುವಾರ ಬೆಳಿಗ್ಗೆ ಮೆಲ್ಬರ್ನಿನ ಅಂಚಿನ ಡ್ಯಾಂಡಿನಾಂಗ್‌ನಲ್ಲಿ ಅವರ ಸಭೆ ಸೇರುವ ಜಾಗ ಹುಡುಕಿಕೊಂಡು ಹೋದೆ. ತಗಡಿನ ಚಾವಣಿಯ ಗೋದಾಮು. ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಕಾಫಿಯ ಘಮ, ಎಲ್ಲ ದೇಶದ ಜನ. ವೇದಿಕೆಯ ಮೇಲೆ ನರೆತ ಕೂದಲನ್ನು ಹಿಂದಕ್ಕೆ ಕಟ್ಟಿ, ಬೂಟು ತೊಟ್ಟು, ಎದೆಗೆ ಗಿಟಾರ್ ಹಾಕಿಕೊಂಡು ನಿಂತಿದ್ದ ಮುದುಕ ಅವರೇ ಎಂದು ಹೇಳಿಸಿಕೊಳ್ಳಬೇಕಾಗಲಿಲ್ಲ. ಮೂಗು ಪೂರ್ತಿ ಆಂಟಿಯದೇ. ಡ್ರಮ್ಮು ಶುರುವಾಯಿತು. ಎತ್ತರದ ಕಿಟಕಿಗಳಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು, ಜನ ಕಣ್ಮುಚ್ಚಿ ತೂಗುತ್ತಿದ್ದರು. ನನಗೂ ಮೈಯೆಲ್ಲ ಹಗುರಾಗಿ, ನೆಲ ನೀರಿನ ಮೇಲಿದೆ ಎನ್ನಿಸತೊಡಗಿತು. ಅಷ್ಟರಲ್ಲಿ ದೋಣಿಯ ಹಾಡು ಬಂತು.

ಪದಗಳು ಅವೇ. ಆದರೆ ರಾಗ ಬೇರೆ! ಮೊದಲ ಸಾಲಿನಲ್ಲೇ ಇಳಿಯಬೇಕಾದಲ್ಲಿ ಮನುಷ್ಯ ಮೇಲಕ್ಕೆ ಹೋದರು. ನನಗೆ ಮೈಯೆಲ್ಲ ಉರಿಯಿತು. ತಂಗಿಯ ಚರಣ ಕಿತ್ತು ಹಾಕಿದ್ದು ಸಾಲದು ಎಂದು ರಾಗವನ್ನೂ ಕೆಡಿಸಿಟ್ಟಿದ್ದಾರೆ ಎಂದುಕೊಂಡೆ. ಎರಡು ಚರಣಕ್ಕೆ ಹಾಡು ಮುಗಿದು, ಜನ ಕಾಫಿಗೆ ಎದ್ದಾಗ ಹೋಗಿ ಪರಿಚಯ ಹೇಳಿಕೊಂಡೆ, ಪೊಟ್ಟಣ ಕೊಟ್ಟೆ. ಅವರು ಬಿಚ್ಚಿ ನೋಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಅಲ್ಲಿಗೆ ಬಿಟ್ಟು ಬರಬಹುದಿತ್ತು. ಮೈಸೂರಿನವರ ಬಾಯಿ, ಸುಮ್ಮನಿರುತ್ತದೆಯೇ?

"ಸರ್, ತಪ್ಪು ತಿಳ್ಕೋಬೇಡಿ. ತುಂಬಾ ಭಾವ ತುಂಬಿ ಹಾಡಿದ್ರಿ. ಆದ್ರೆ ರಾಗ ತಪ್ಪಿದೆ."

"ಹೌದಾ? ಎಲ್ಲಿ?"

"ಮೊದಲ ಸಾಲಲ್ಲೇ. ನೀವು ಮೇಲೆ ಹೋಗ್ತೀರಿ. ಅದು ಕೆಳಗೆ ಇಳೀಬೇಕು."

ಅವರು ನಕ್ಕರು. "ಹಾಗಾದ್ರೆ ನೀವೇ ಹೇಳಿಕೊಡಿ."

ಅಲ್ಲೇ, ಕಾಫಿ ಮೇಜಿನ ಪಕ್ಕ, ತಗ್ಗಿದ ದನಿಯಲ್ಲಿ ಹಾಡಿ ತೋರಿಸಿದೆ. ಅವರು ಸಕ್ಕರೆ ಕಲಕುತ್ತಿದ್ದ ಚಮಚ ನಿಂತಿತು. ಎರಡನೇ ಸಾಲಿಗೆ ಅವರೂ ಮೆಲ್ಲಗೆ ದನಿ ಸೇರಿಸಿದರು, ತಮ್ಮದೇ ತಪ್ಪು ರಾಗದಲ್ಲಿ. ಅಪಸ್ವರವಾಗುತ್ತದೆ ಎಂದು ನಾನು ಮುಖ ಕಿವುಚಿಕೊಂಡೆ. ಆಗಲಿಲ್ಲ. ಅವರ ದನಿ ಮೇಲೆ, ನನ್ನದು ಕೆಳಗೆ, ಎರಡೂ ಎಲ್ಲಿಯೂ ಮುಟ್ಟದೆ ಪಕ್ಕಪಕ್ಕದಲ್ಲೇ ನಡೆದವು. ನಮ್ಮ ಸಂಗೀತದಲ್ಲಿ ಇಬ್ಬರು ಹಾಡಿದರೆ ಇಬ್ಬರದೂ ಒಂದೇ ದಾರಿ. ಒಂದು ಹಾಡಿಗೆ ಎರಡು ದಾರಿ ಇರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ನಾನು ಕಲಿತದ್ದು ಹಾಡನ್ನಲ್ಲ, ಹಾಡಿನ ಜೊತೆಗಾರನನ್ನು ಎಂದು ಆ ಕ್ಷಣ ತಿಳಿಯಿತು. ನನ್ನ ಗಂಡ ಹೇಳಿದ್ದೇ ಸರಿ ಎಂದೂ ತಿಳಿಯಿತು, ಅದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಎರಡು ಚರಣ ಮುಗಿದಾಗ ಅವರು ನಿಲ್ಲಿಸಿದರು. ನನ್ನ ಬಾಯಿ ಅಭ್ಯಾಸಬಲದಿಂದ ಮೂರನೆಯದಕ್ಕೆ ಹೋಯಿತು. ಅವರು ತಡೆಯಲಿಲ್ಲ, ಕಿಟಕಿಯತ್ತ ತಿರುಗಿ ಕೇಳಿದರು.

"ಅದು ಅವಳ ಸೆಕೆಂಡ್, ಕೆಳಗಿನ ದನಿ. ಅವಳೇ ಕಲಿಸಿದ್ದಾ ನಿಮಗೆ?"

"ಇಲ್ಲ ಸರ್. ಬೇಲಿ ಕಲಿಸ್ತು."

ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಮೊದಲು ಅರ್ಥವೇ ಆಗಲಿಲ್ಲ. "ಅವಳಿಗೆ ಎಂತ ಆಗಿದೆ?"

"ಏನೂ ಇಲ್ಲವಲ್ಲ, ಚೆನ್ನಾಗಿದ್ದಾರೆ."

"ನೀವು ಸಾಲಿನ ನಡುವಲ್ಲಿ ಉಸಿರು ತಗೊಳ್ತೀರಿ. ಕೊಂಕಣಿ ಚರಣದಲ್ಲಿ, ‘ದಿವೊ’ ಅಂತ ಬರ್ತದಲ್ಲ, ದೀಪ ಅಂತ, ಅದರ ನಂತರ. ಯಾಕೆ?"

"ಆಂಟಿ ಹಾಗೇ ಹಾಡೋದು. ನಾನು ಅವರು ಮಾಡಿದ ಹಾಗೇ ಮಾಡೋಳು."

"ಅವಳು ಅಲ್ಲಿ ಉಸಿರು ತಗೊಳ್ಳುವವಳೇ ಅಲ್ಲ. ಇಡೀ ಸಾಲು ಒಂದೇ ಉಸಿರು. ಅಪ್ಪ ಪಂಥ ಕಟ್ಟಿ ಅಭ್ಯಾಸ ಮಾಡಿಸಿದ್ದು." ಅವರು ಕಾಫಿಯನ್ನು ಕುಡಿಯದೆ ಮೇಜಿನ ಮೇಲಿಟ್ಟರು. "ಡಾಕ್ಟರ ಹತ್ರ ಕರ್ಕೊಂಡು ಹೋಗಿ ಅವಳನ್ನು."

ಸಿಡ್ನಿಗೆ ಬಂದು ನಡೆದದ್ದನ್ನು ಹೇಳಿದಾಗ ಆಂಟಿ ಹೊಟ್ಟೆ ಹಿಡಿದು ನಕ್ಕರು. "ಅವನಿಗೇ ರಾಗ ಕಲಿಸಿ ಬಂದೆಯಾ? ಭೇಷ್! ನಲ್ವತ್ತು ವರ್ಷದಿಂದ ಯಾರಾದ್ರೂ ಹೇಳ್ಬೇಕಿತ್ತು ಅವನಿಗೆ." ನಕ್ಕು ನಕ್ಕು ಕೆಮ್ಮಿ, ಕೆಮ್ಮು ನಿಲ್ಲದೆ ಕುರ್ಚಿ ಹಿಡಿದು ಕೂತರು. ಆಗ ಮೊದಲ ಸಲ ಅದನ್ನು ಅಲರ್ಜಿ ಎಂದು ನಾನು ನಂಬಲಿಲ್ಲ.

"ಮೇಲಿನ ರಾಗ ನಿಮಗೆ ಬರಲ್ವಾ ಆಂಟಿ?" ಎಂದು ಕೇಳಿದೆ.

"ಬಾರದೆ ಎಂತ? ಬರ್ತದೆ."

"ಮತ್ತೆ ಯಾಕೆ ಹಾಡಲ್ಲ? ಗ್ಯಾರೇಜಲ್ಲಿ ನೀವೇ ತಾನೇ ಹಾಡೋರು?"

"ಅದು ಅಣ್ಣನ ಜಾಗ. ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕಿ ಕೂತುಕೊಳ್ಳುದಿಲ್ವಾ, ಹಾಗೆ. ಯಾರು ಬಂದು ಕೇಳಿದ್ರೂ ಜನ ಉಂಟು ಅಂತ ಹೇಳುದು."

ಆಗಲೇ ಅವರು ಜಗಳದ ದಿನದ ಉಳಿದ ಕಥೆ ಹೇಳಿದ್ದು. ಅಮ್ಮ ತೀರಿಕೊಂಡ ಮೇಲೆ ಸಿಡ್ನಿಯ ಒಂದು ಹಾಲ್‌ನಲ್ಲಿ ನೆಂಟರೆಲ್ಲ ಸೇರಿದ್ದರಂತೆ. ಅಣ್ಣ ತಂಗಿ ದೋಣಿಯ ಹಾಡು ಎತ್ತಿಕೊಂಡರು. ಎರಡು ಚರಣ ಮುಗಿದದ್ದೇ ಅಣ್ಣ ಹಾಡು ನಿಲ್ಲಿಸಿ, ಗಿಟಾರಿನ ವಯರು ಕಿತ್ತು, ಪೆಟ್ಟಿಗೆಗಿಟ್ಟು ಮುಚ್ಚಳ ಹಾಕಿದರು. ತಂಗಿ ಮೂರನೆಯದನ್ನು ಆಗಲೇ ಶುರು ಮಾಡಿಯಾಗಿತ್ತು. "ಇಡೀ ಹಾಲ್‌ನಲ್ಲಿ ನನ್ನ ಸೆಕೆಂಡ್ ಒಂದೇ. ಮೇಲೆ ಯಾರೂ ಇಲ್ಲ. ನನಗೆ ಸಿಟ್ಟು ಬರ್ಲಿಲ್ಲ, ನಾಚಿಕೆಯೂ ಆಗ್ಲಿಲ್ಲ. ಚಳಿ ಆಯ್ತು. ಆದ್ರೂ ಮುಗಿಸಿದೆ. ಅಮ್ಮನ ಚರಣ ಅಲ್ವಾ." ಅದನ್ನು ಹೇಳುವಾಗ ಅವರು ಭತ್ತದ ಡಬ್ಬಕ್ಕೆ ನೀರು ಹಾಕುತ್ತಿದ್ದರು. ಅವರ ಬೆನ್ನು ಸವರಬೇಕೆನಿಸಿತು, ಸವರಿದೆ.

ಡಾಕ್ಟರ ಬಳಿ ಹೋದೆವು. ಶ್ವಾಸಕೋಶ ಒಳಗಿಂದೊಳಗೇ ಗಟ್ಟಿಯಾಗುತ್ತಾ ಬರುವ ಕಾಯಿಲೆ. ನಿಧಾನ ಮಾಡಬಹುದು, ನಿಲ್ಲಿಸಲಾಗುವುದಿಲ್ಲ ಎಂದರು. ಆಂಟಿ ಹೊರಬಂದು ಪೆಂಡಲ್ ಹಿಲ್‌ನ ನಮ್ಮವರ ಅಂಗಡಿಗೆ ಹೋಗಿ ಕುಚ್ಚಲಕ್ಕಿ, ತೆಂಗಿನಕಾಯಿ ತಗೊಂಡು ಹೋಗುವಾ ಎಂದರು. ಅಂಗಡಿಯಲ್ಲಿ ಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ಮೂರು ಕಾಯಿ ಬೇಡವೆಂದು ವಾಪಸಿಟ್ಟರು. ಮುಂದಿನ ಚಳಿಗಾಲಕ್ಕೆ ಸ್ಟಾಪ್ ಹಲಗೆಯನ್ನು ಬೇರೆಯವರು ಹಿಡಿದರು. ಬೆಡ್‌ಶೀಟುಗಳನ್ನು ನಾನು ಒಣಹಾಕತೊಡಗಿದೆ. ಹಾಡು ಮೊದಲು ಒಂದು ಚರಣಕ್ಕಿಳಿಯಿತು, ಆಮೇಲೆ ಗುನುಗಿಗೆ, ಆಮೇಲೆ ಬರೀ ಗಿಟಾರಿಗೆ. ಮೂಗಿಗೆ ಆಮ್ಲಜನಕದ ನಳಿಕೆ ಬಂತು. ಸಂಜೆ ನಾನು ಆಫೀಸಿನಿಂದ ಬರುವಾಗ ಬೇಲಿಯಾಚೆಯಿಂದ ಗಾಜಿನ ಕೊಳವೆ ಜಾರುವ ಸದ್ದು ಮಾತ್ರ ಕೇಳುತ್ತಿತ್ತು, ಯಾರೋ ದೂರದಲ್ಲಿ ನಿದ್ದೆಯಲ್ಲಿ ಮಾತಾಡಿದ ಹಾಗೆ.

ಮೂರೂ ಚರಣ ಅಣ್ಣನ ಜೊತೆ ಹಾಡಬೇಕೆಂಬ ಮಾತನ್ನು ಅವರು ಆಮೇಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮೆಲ್ಬರ್ನಿಗೆ ಫೋನ್ ಮಾಡಿ ಮಾತ್ರ ಎಲ್ಲವನ್ನೂ ಹೇಳುತ್ತಿದ್ದೆ.

ಮರುವರ್ಷದ ತೆನೆ ಹಬ್ಬದ ಬೆಳಿಗ್ಗೆ ಅಣ್ಣ ಗಿಟಾರ್ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇಡೀ ದಾರಿ ಕಾರು ಓಡಿಸಿಕೊಂಡು ಬಂದಿದ್ದರು, ದಾರಿಯಲ್ಲೊಂದು ಊರಿನಲ್ಲಿ ರಾತ್ರಿ ಕಳೆದು. ತಂಗಿಯ ಮೂಗಿನ ನಳಿಕೆ ನೋಡಿ, "ಇಲ್ಲಿ ಬಿಸಿಲುಂಟು. ಮೆಲ್ಬರ್ನಲ್ಲಿ ಮಳೆ" ಎಂದರು.

"ಗೊತ್ತುಂಟು" ಎಂದರು ಆಂಟಿ. "ಒಳಗೆ ಬಾ. ಬೂಟು ಬಿಚ್ಚು."

ಊಟಕ್ಕೆ ಮುಂಚೆ ಪ್ರಾರ್ಥನೆ. ಜಪಸರ ನಡೆಯುವಾಗ ಅಣ್ಣ ಹೊರಗೆ ಭತ್ತದ ಡಬ್ಬಗಳ ಹತ್ತಿರ ನಿಂತಿದ್ದರು. ಆದರೆ ಪಾಯಸ ಉಂಡರು. ಎರಡನೇ ಸಲ ಹಾಕಿಸಿಕೊಂಡರು. ಮಧ್ಯಾಹ್ನ ಡ್ರಮ್ಮಿನವನೂ ಬೇಸಿನವನೂ ಬಂದರು. ಗ್ಯಾರೇಜಿನ ಬಾಗಿಲು ಪೂರ್ತಿ ಮೇಲೆತ್ತಿದ್ದರಿಂದ ಬಿಸಿಲು ಒಳಗೆ ಹಾಸಿಕೊಂಡಿತ್ತು, ಹೊರಗೆ ಬೆಡ್‌ಶೀಟುಗಳು ಸುತ್ತುತ್ತಿದ್ದವು. ಆಂಟಿ ತಮ್ಮ ಗಿಟಾರನ್ನು ತೊಡೆಗೆ ಹಾಕಿಕೊಂಡು, ನನ್ನತ್ತ ತಿರುಗಿ, "ನೀನು ಹಾಡು" ಎಂದರು.

"ನಾನಾ? ಬೇಡ ಆಂಟಿ, ನನಗೆ..."

"ಉಸಿರು ನನಗಿಲ್ಲ. ಸೆಕೆಂಡ್ ಬೇರೆ ಯಾರಿಗೆ ಬರ್ತದೆ ಈ ದೇಶದಲ್ಲಿ?"

ಅಣ್ಣ ಎತ್ತಿಕೊಂಡರು. ನಾನು ಕೆಳಗಿನ ದಾರಿ ಹಿಡಿದೆ. ಡ್ರಮ್ಮು ಮೆಲ್ಲಗೆ, ಎದೆಬಡಿತದ ವೇಗದಲ್ಲಿ ಬಂದು ಸೇರಿತು. ಆಂಟಿಯ ಗಾಜು ನಡುವೆ ನಡುವೆ ಜಾರಿ ಹೋಗುತ್ತಿತ್ತು. ಅವರು ಕಣ್ಣು ಮುಚ್ಚಿರಲಿಲ್ಲ, ನಮ್ಮಿಬ್ಬರ ಬಾಯನ್ನೇ ನೋಡುತ್ತಿದ್ದರು. ಜೀವಮಾನವೆಲ್ಲ ಹಾಡಿನೊಳಗೇ ಇದ್ದವರು ಅದನ್ನು ಹೊರಗಿನಿಂದ ಕೇಳುತ್ತಿದ್ದದ್ದು ಅದೇ ಮೊದಲು. ಎರಡನೇ ಚರಣ ಮುಗಿಯುತ್ತಾ ಬಂತು. ಮುಂದೇನಾಗುತ್ತದೆಂದು ಗ್ಯಾರೇಜಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅಣ್ಣ ಬಾಯಿ ಮುಚ್ಚಿದರು. ನಾನು ಮೂರನೆಯದಕ್ಕೆ ಹೋದೆ, ಒಬ್ಬಳೇ. ಆಂಟಿ ಹೇಳಿದ ಚಳಿ ಏನೆಂದು ಆಗ ನನಗೆ ಗೊತ್ತಾಯಿತು. ಆದರೆ ಗಿಟಾರಿನ ಸದ್ದು ನಿಲ್ಲಲಿಲ್ಲ. ಅಣ್ಣ ತಲೆ ತಗ್ಗಿಸಿ, ತುಟಿ ಬಿಗಿಹಿಡಿದು, ಚರಣದ ಕೊನೆಯವರೆಗೂ ನುಡಿಸಿದರು. ಕೊನೆಯ ಹೊಡೆತ ಮುಗಿಸಿ ತಂತಿಗಳ ಮೇಲೆ ಅಂಗೈ ಇಟ್ಟರು.

ಅವರು ಕಾರಿನಿಂದ ಏನೋ ತರಲು ಹೋದಾಗ ನನಗೆ ಅಳು ಬಂದುಬಿಟ್ಟಿತು. "ಹಾಡ್ಲೇ ಇಲ್ವಲ್ಲ ಆಂಟಿ, ಇಷ್ಟು ದೂರ ಬಂದೂ."

"ಕೈ ನಿಲ್ಲಿಸ್ಲಿಲ್ಲ, ನೋಡಿದೆಯಾ?" ಎಂದರು ಆಂಟಿ. ಉಸಿರಿಗೆ ತಡೆದು ತಡೆದು ಹೇಳಿದರು. "ಅವತ್ತು ಪೆಟ್ಟಿಗೆ ಮುಚ್ಚಿದ. ಇವತ್ತು ಕೈ ನಿಲ್ಲಿಸ್ಲಿಲ್ಲ. ಅವನ ನಂಬಿಕೆಯೂ ನಂಬಿಕೆಯೇ ಅಲ್ವಾ ಮಾರಾಯ್ತಿ. ನನಗೆ ಅಷ್ಟು ಸಾಕು." ಸಾಕು ಎಂದ ಮುಖದಲ್ಲಿ ಸಾಕಾಗಲಿಲ್ಲ ಎಂಬುದೂ ಇತ್ತು. ಅದನ್ನು ಕಾಣದಷ್ಟು ದಡ್ಡಿ ನಾನಲ್ಲ.

ಬೀದಿಯ ಜಕರಾಂಡಾ ಮರಗಳೆಲ್ಲ ನೇರಳೆ ಹೂ ಉದುರಿಸಿ ರಸ್ತೆ ಕಾಣದಂತೆ ಮಾಡಿದ್ದ ದಿನಗಳಲ್ಲಿ ಅವರು ಹೋದರು. ಮಧ್ಯಾಹ್ನದ ನಿದ್ದೆಯಲ್ಲಿ. ಬೆರಳಲ್ಲಿ ಗಾಜಿನ ಕೊಳವೆ ಇತ್ತು ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಇರಲಿಲ್ಲ. ಅದು ಅಡುಗೆಮನೆಯಲ್ಲಿ, ಉಪ್ಪಿನ ಡಬ್ಬದ ಪಕ್ಕ ಇತ್ತು.

ಚರ್ಚಿನೊಳಗೆ ಆರ್ಗನ್ನಿನ ಹಾಡುಗಳಾದವು. ಅಣ್ಣ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಎಲ್ಲರೂ ಮೊಣಕಾಲೂರಿದಾಗ ಅವರು ಊರಲಿಲ್ಲ, ಎದ್ದೂ ಹೋಗಲಿಲ್ಲ. ಸಮಾಧಿಯ ಹತ್ತಿರ ಚರ್ಚಿನ ಗುರುಗಳು ಪ್ರಾರ್ಥನೆ ಮುಗಿಸಿ, "ಮನೆಯವರು ಹಾಡುವುದಿದ್ದರೆ" ಎಂದು ಪಕ್ಕಕ್ಕೆ ಸರಿದರು. ಬ್ಲ್ಯಾಕ್‌ಟೌನ್ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಶಾಲೆಯ ಒಂದಷ್ಟು ಮಕ್ಕಳು ಅಮ್ಮಂದಿರ ಕೈ ಹಿಡಿದು ಬಂದಿದ್ದರು. ಅಣ್ಣ ಗಿಟಾರ್ ತೆಗೆದು ನನ್ನತ್ತ ನೋಡಿದರು. ನಾನು ಹೋಗಿ ಪಕ್ಕದಲ್ಲಿ ನಿಂತೆ.

ಮೊದಲ ಚರಣ, ಎರಡನೆಯದು. ಅವರು ಮೇಲೆ, ನಾನು ಕೆಳಗೆ. ಎರಡನೆಯದು ಮುಗಿದಾಗ ನಾನು ಒಬ್ಬಳೇ ಹಾಡಲು ಮನಸ್ಸು ಗಟ್ಟಿ ಮಾಡಿಕೊಂಡು ಉಸಿರೆಳೆದೆ. ಪಕ್ಕದಲ್ಲಿ ಅವರೂ ಎಳೆದದ್ದು ಕೇಳಿಸಿತು.

ಅವರು ಹಾಡಿದರು. ಕೊಂಕಣಿಯಲ್ಲಿ, ತಾಯಿಯ ಚರಣವನ್ನು. ಆದರೆ ಮೇಲಿನ ರಾಗದಲ್ಲಲ್ಲ. ಇಳಿಯಬೇಕಾದಲ್ಲಿ ಇಳಿದು, ತಂಗಿಯ ಸೆಕೆಂಡನ್ನೇ, ನನ್ನ ಜೊತೆ ಒಂದೇ ದಾರಿಯಲ್ಲಿ. ಮೇಲಿನ ಜಾಗವನ್ನು ಹಾಗೇ ಬಿಟ್ಟರು. ಗೋದಾಮನ್ನೆಲ್ಲ ತುಂಬುವಷ್ಟು ಉಸಿರಿದ್ದ ಮನುಷ್ಯ ‘ದಿವೊ’ ಎನ್ನುವ ಪದ ಬಂದಾಗ, ಸಾಲಿನ ನಡುವಲ್ಲೇ ನಿಂತು, ಆಂಟಿ ಎಳೆಯುತ್ತಿದ್ದಲ್ಲೇ ಉಸಿರೆಳೆದುಕೊಂಡರು.